ಡೀಪ್ ಪರ್ಪಲ್: ಯಾವ ಆಲ್ಬಮ್ ಗಟ್ಟಿ, ಯಾವುದು ಜೊಳ್ಳು?

ಹಳೇ_ಕ್ಯಾಸೆಟ್:
ಲೆಡ್ ಝೆಪ್ಪೆಲಿನ್ ಮೇಲೋ ಪಿಂಕ್ ಫ್ಲಾಯ್ಡ್ ಮೇಲೋ ಅನ್ನುವ ಜಗಳ ಮುಗಿಯುವ ಹಾಗೆ ಕಾಣುವುದಿಲ್ಲ. ಸ್ವಲ್ಪ ಇನ್ನೊಂದು ಬ್ರಿಟಿಷ್ ರಾಕ್ ಬ್ಯಾಂಡ್ ಪರ್ಪಲ್ ಕಡೆ ಬನ್ನಿ. ಡೀಪ್ ಪರ್ಪಲ್‌ನ ಅತಿ ಒಳ್ಳೆಯ ಆಲ್ಬಮ್ ಯಾವುದು, ಅತಿ ಕಳಪೆ ಯಾವುದು? ಒಂದೊಂದೇ ಹೆಸರು ಹೇಳಿ, ಕಾರಣ ಕೊಡಿ. 'ಎಲ್ಲವೂ ಅದರದರ ರೀತಿಯಲ್ಲಿ ಚೆಂದ' ಅನ್ನುವವರು ಒಂದು ಲೋಟ ಕಾಫಿ ಕುಡಿದು ಆಮೇಲೆ ಬನ್ನಿ.

ನಾನೇ ಶುರು ಮಾಡುತ್ತೇನೆ. ಗಟ್ಟಿ ಅಂದರೆ 1970ರ 'ಇನ್ ರಾಕ್'. ಜೊಳ್ಳು ಅಂದರೆ 1987ರ 'ದ ಹೌಸ್ ಆಫ್ ಬ್ಲೂ ಲೈಟ್'. ನನ್ನ ಅಳತೆ ಒಂದೇ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೈ ಬಟನ್ ಕಡೆ ಹೋಗಬಾರದು. ಕ್ಯಾಸೆಟ್ ಕಾಲದಲ್ಲಿ ಹಾಡು ಹಾರಿಸುವುದೇ ಒಂದು ಕಷ್ಟ, ಫಾರ್ವರ್ಡ್ ಒತ್ತಿ ಅಂದಾಜಿನ ಮೇಲೆ ನಿಲ್ಲಿಸಬೇಕು, ಜಾಸ್ತಿ ಹೋದರೆ ಮತ್ತೆ ರಿವೈಂಡ್. ಹಾಗಾಗಿ ಯಾವ ಆಲ್ಬಮ್‌ನಲ್ಲಿ ಎಷ್ಟು ಹೊಟ್ಟು ಇದೆ ಅಂತ ಬೆರಳಿಗೇ ಗೊತ್ತಿರುತ್ತಿತ್ತು. 'ಇನ್ ರಾಕ್'ನಲ್ಲಿ ಏಳು ಹಾಡು, ಹೊಟ್ಟು ಇಲ್ಲ.

ಮೆಷಿನ್_ಮನುಷ್ಯ:
ಇದರಲ್ಲಿ ಚರ್ಚೆ ಏನಿದೆ ಗುರು? 'ಮೆಷಿನ್ ಹೆಡ್', 1972. ಮುಗೀತು. 'ಹೈವೇ ಸ್ಟಾರ್'ನಿಂದ ಶುರುವಾಗಿ 'ಸ್ಪೇಸ್ ಟ್ರಕಿನ್'ನಲ್ಲಿ ಮುಗಿಯುವ ಆಲ್ಬಮ್ ಮುಂದೆ ಯಾವುದು ನಿಲ್ಲುತ್ತದೆ? ಅದು ಹುಟ್ಟಿದ ಕಥೆಯೇ ಒಂದು ಸಿನಿಮಾ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ರೆಕಾರ್ಡಿಂಗ್‌ಗೆ ಹೋದರು. ಕ್ಯಾಸಿನೋದಲ್ಲಿ ಬಾರಿಸಬೇಕಿತ್ತು. ಅದರ ಹಿಂದಿನ ಕಾರ್ಯಕ್ರಮ ಫ್ರಾಂಕ್ ಝಪ್ಪಾದು, ಯಾವನೋ ಫ್ಲೇರ್ ಗನ್ ಹೊಡೆದ, ಕ್ಯಾಸಿನೋನೇ ಸುಟ್ಟು ಹೋಯಿತು. ಹೊಗೆ ಜಿನೀವಾ ಸರೋವರದ ಮೇಲೆ ಹರಡಿದ್ದನ್ನು ನೋಡಿ 'ಸ್ಮೋಕ್ ಆನ್ ದ ವಾಟರ್' ಹಾಡು ಬಂತು. ಕೊನೆಗೆ ಚಳಿಗಾಲಕ್ಕೆ ಅಂತ ಮುಚ್ಚಿದ್ದ ಒಂದು ಹೋಟೆಲಿನ ಓಣಿಯಂಥ ಜಾಗದಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಹೊರಗೆ ರೋಲಿಂಗ್ ಸ್ಟೋನ್ಸ್‌ನವರ ರೆಕಾರ್ಡಿಂಗ್ ಲಾರಿ ನಿಲ್ಲಿಸಿ ಆಲ್ಬಮ್ ಮುಗಿಸಿದರು. ಅಂಥ ಫಜೀತಿಯಲ್ಲಿ ಇಷ್ಟು ಚೊಕ್ಕ ಕೆಲಸ!

ಕಳಪೆ ಅಂದರೆ 'ಸ್ಲೇವ್ಸ್ ಆಂಡ್ ಮಾಸ್ಟರ್ಸ್'. ಅದು ಪರ್ಪಲ್ ಆಲ್ಬಮ್ಮೇ ಅಲ್ಲ.

ಹ್ಯಾಮಂಡ್_ಹುಚ್ಚು:
@ಮೆಷಿನ್_ಮನುಷ್ಯ ಕಥೆ ಚೆನ್ನಾಗಿದೆ ಸಾರ್, ಆದರೆ ಕಥೆಗೆ ಮಾರ್ಕ್ಸ್ ಕೊಡುವ ಹಾಗಿಲ್ಲ. 'ಮೆಷಿನ್ ಹೆಡ್'ನ ಏಳು ಹಾಡಲ್ಲಿ ನಾಲ್ಕು ಹಾಡು ಅದೇ ವರ್ಷ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ಬಾರಿಸಿ ರೆಕಾರ್ಡ್ ಆದವು. ಅದೇ 'ಮೇಡ್ ಇನ್ ಜಪಾನ್'. ಆ ನಾಲ್ಕರಲ್ಲಿ ಒಂದಾದರೂ ಸ್ಟುಡಿಯೋದಲ್ಲಿ ಚೆನ್ನಾಗಿದೆ ಅಂತ ಎದೆ ಮುಟ್ಟಿ ಹೇಳಿ ನೋಡೋಣ. 'ಲೇಜಿ' ಸ್ಟುಡಿಯೋದಲ್ಲಿ ಒಳ್ಳೆಯ ಹಾಡು. ಜಪಾನಿನಲ್ಲಿ ಜಾನ್ ಲಾರ್ಡ್ ಆ ಆರ್ಗನ್ನನ್ನು ಅರಚಿಸಿ, ಗೊಗ್ಗರಿಸಿ ಶುರು ಮಾಡುವುದನ್ನು ಕೇಳಿದ ಮೇಲೆ ಸ್ಟುಡಿಯೋದ್ದು ರಿಹರ್ಸಲ್ ಥರ ಕೇಳಿಸುತ್ತದೆ. 'ಸ್ಪೇಸ್ ಟ್ರಕಿನ್' ಆಲ್ಬಮ್‌ನಲ್ಲಿ ನಾಲ್ಕೂವರೆ ನಿಮಿಷ, ಜಪಾನಿನಲ್ಲಿ ಇಪ್ಪತ್ತರ ಹತ್ತಿರ, ಎಲ್‌ಪಿಯ ಒಂದು ಇಡೀ ಬದಿ.

ಹಾಗಾಗಿ ನನ್ನ ಉತ್ತರ 'ಮೇಡ್ ಇನ್ ಜಪಾನ್'. ಉಳಿದದ್ದೆಲ್ಲ ಎರಡನೇ ಸ್ಥಾನಕ್ಕೆ ಹೊಡೆದಾಡಲಿ.

ಹಳೇ_ಕ್ಯಾಸೆಟ್:
ಲೈವ್ ಆಲ್ಬಮ್ ಲೆಕ್ಕಕ್ಕಿಲ್ಲ. ಅದು ಬೇರೆ ಬೇರೆ ಆಲ್ಬಮ್‌ನ ಒಳ್ಳೆಯ ಹಾಡು ಆರಿಸಿ ಹಾಕಿದ್ದು, ಹಾಗಿದ್ದಾಗ ಚೆನ್ನಾಗೇ ಇರುತ್ತದೆ.

ಕಛೇರಿ_ಕಿವಿ:
ಯಾಕೆ ಲೆಕ್ಕಕ್ಕಿಲ್ಲ ಸಾರ್? ನಾನು ಮನೆಯಲ್ಲಿ ಕರ್ನಾಟಕ ಸಂಗೀತ ಕೇಳುತ್ತ ಬೆಳೆದವಳು, ರಾಕ್ ಆಮೇಲೆ ಬಂದದ್ದು, ಅದೂ ಅಣ್ಣನಿಂದ. ನನಗೆ ಈ 'ಸ್ಟುಡಿಯೋದ್ದೇ ಅಸಲಿ' ಅನ್ನುವ ವಾದ ಯಾವತ್ತೂ ಹಿಡಿಸಿಲ್ಲ. ಕೃತಿ ಪುಸ್ತಕದಲ್ಲಿ ಇರುತ್ತದೆ, ಸಂಗೀತ ಕಛೇರಿಯಲ್ಲಿ ಹುಟ್ಟುತ್ತದೆ. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಜಪಾನಿನಲ್ಲಿ ಕೇಳಿ. ಬ್ಲ್ಯಾಕ್‌ಮೋರ್ ಗಿಟಾರ್‌ನಲ್ಲಿ ಒಂದು ಸಾಲು ಬಾರಿಸುತ್ತಾನೆ, ಗಿಲನ್ ಅದನ್ನೇ ಗಂಟಲಲ್ಲಿ ವಾಪಸ್ ಕೊಡುತ್ತಾನೆ, ಇವನು ಇನ್ನೊಂದು ಕಷ್ಟದ್ದು ಹಾಕುತ್ತಾನೆ, ಅವನು ಅದನ್ನೂ ಬಿಡುವುದಿಲ್ಲ. ಹಾಡುವವರು ಸ್ವರ ಹಾಕಿ ಪಿಟೀಲಿನವರ ಕಡೆ ತಿರುಗಿ ನೋಡುತ್ತಾರಲ್ಲ, ಅದೇ ಆಟ. ಇಲ್ಲಿ ಪಿಟೀಲಿನವನೇ ಕೆಣಕುತ್ತಿದ್ದಾನೆ, ಅಷ್ಟೇ ವ್ಯತ್ಯಾಸ. ಇಂಥದ್ದು ಹೋಟೆಲಿನ ಓಣಿಯಲ್ಲಿ ಹಾಸಿಗೆ ಒರಗಿಸಿದರೆ ಬರುವುದಿಲ್ಲ.

ಧಾರವಾಡ_ಡಬಲ್‌ಬಾಸ್:
ಅಕ್ಕಾರು ಹೇಳಿದ್ದು ಖರೆ. 'ದ ಮ್ಯೂಲ್' ಸಹ ತಗೋರಿ. 'ಫೈರ್‌ಬಾಲ್'ನಲ್ಲಿ ಅದು ಐದು ನಿಮಿಷದ ಹಾಡು. ಜಪಾನಿನಲ್ಲಿ ಇಯಾನ್ ಪೇಸ್‌ಗೆ ಬಿಟ್ಟುಕೊಟ್ಟು ಉಳಿದವರು ಸರಿದು ನಿಂತರು. ಡ್ರಮ್ ಸೋಲೊ ಅಂದರೆ ಜನ ಬೀಡಿ ಸೇದಲಿಕ್ಕೆ ಹೊರಗೆ ಹೋಗುತ್ತಾರೆ, ಇದಕ್ಕೆ ಹೋಗುವುದಿಲ್ಲ. ಎಡಗೈಯವನು, ಹಾಗಾಗಿ ಕಿಟ್ ಉಲ್ಟಾ ಇಡುತ್ತಾನೆ, ವಿಡಿಯೋ ನೋಡಿ ಕಲಿಯುವ ಹುಡುಗರು ಗೊಂದಲಕ್ಕೆ ಬೀಳುತ್ತಾರೆ. 1968ರಿಂದ ಇವತ್ತಿನವರೆಗೆ ಪ್ರತಿ ಪರ್ಪಲ್ ಆಲ್ಬಮ್‌ನಲ್ಲಿ ಇರುವವನು ಪೇಸ್ ಒಬ್ಬನೇ. ಆ ದೃಷ್ಟಿಯಿಂದ ನೋಡಿದರೆ ಕೆಟ್ಟ ಆಲ್ಬಮ್ ಇಲ್ಲವೇ ಇಲ್ಲ ರೀ, ಡ್ರಮ್ ಎಲ್ಲದರಲ್ಲೂ ಛಲೋ ಇದೆ.

ಹಳೇ_ಕ್ಯಾಸೆಟ್:
@ಧಾರವಾಡ_ಡಬಲ್‌ಬಾಸ್ ಕಾಫಿ ಕುಡಿದು ಬನ್ನಿ 😀

ಧಾರವಾಡ_ಡಬಲ್‌ಬಾಸ್:
ನಾವು ಚಹಾದವರು ರೀ. ಆಯಿತು, ಒಂದು ಹೆಸರು ಬೇಕಾದರೆ 'ಫೈರ್‌ಬಾಲ್'. ಶುರುವಿನಲ್ಲಿ ಏನೋ ಯಂತ್ರ ಹೊರಳಿದ ಸದ್ದು ಬರುತ್ತದಲ್ಲ, ಅದು ಸ್ಟುಡಿಯೋದ ಏಸಿ ಆನ್ ಮಾಡಿದ ಸದ್ದು. ಅದರ ಹಿಂದೆಯೇ ಡಬಲ್ ಬಾಸ್ ಡ್ರಮ್ ಓಡುತ್ತದೆ. 1971ರಲ್ಲಿ! ಮುಂದೆ ಮೆಟಲ್‌ನವರು ಮಾಡಿದ್ದಕ್ಕೆಲ್ಲ ಅಲ್ಲಿ ಬೀಜ ಇದೆ.

ಮೆಷಿನ್_ಮನುಷ್ಯ:
'ಫೈರ್‌ಬಾಲ್' ಅಂದರೆ ಮೊದಲ ಹಾಡು, ಆಮೇಲೆ ನಿದ್ದೆ. 'ಎನಿವನ್ಸ್ ಡಾಟರ್' ಅಂತ ಒಂದು ಕಂಟ್ರಿ ಹಾಡು ಹಾಕಿದ್ದಾರೆ, ಯಾರಿಗಾಗಿ? ಬ್ಲ್ಯಾಕ್‌ಮೋರ್‌ಗೇ ಆ ಆಲ್ಬಮ್ ಇಷ್ಟ ಇರಲಿಲ್ಲ, ಟೂರ್‌ಗಳ ನಡುವೆ ಅವಸರದಲ್ಲಿ ಮಾಡಿದ್ದು ಅಂತ ಹೇಳಿಕೊಂಡಿದ್ದಾನೆ.

ಧಾರವಾಡ_ಡಬಲ್‌ಬಾಸ್:
ಗಿಲನ್‌ಗೆ ಅದೇ ಬಹಳ ಇಷ್ಟ. ಅವನನ್ನೂ ಕೇಳಿ. ಬ್ಲ್ಯಾಕ್‌ಮೋರ್‌ಗೆ ಏನು ಇಷ್ಟ ಇತ್ತು ಅಂತ ಲೆಕ್ಕ ಹಾಕಿದರೆ ಒಂದು ಪುಟವೂ ತುಂಬುವುದಿಲ್ಲ.

ಬಾಸ್_ತಂತಿ:
ನೀವೆಲ್ಲ ಗಿಲನ್ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ. ನನ್ನ ಉತ್ತರ 'ಬರ್ನ್', 1974. ನಿಲ್ಲಿ, ಕಲ್ಲು ಹೊಡೆಯುವ ಮೊದಲು ಕೇಳಿ. ಗಾಯಕ ಗಿಲನ್, ಬಾಸ್ ಬಾರಿಸುವ ಗ್ಲೋವರ್ ಇಬ್ಬರೂ 1973ರಲ್ಲಿ ಬ್ಯಾಂಡ್ ಬಿಟ್ಟು ಹೋದರು. ಬೇರೆ ಬ್ಯಾಂಡ್ ಆಗಿದ್ದರೆ ಅಲ್ಲಿಗೆ ಅಂಗಡಿ ಬಂದ್. ಇವರು ಇಂಗ್ಲೆಂಡಿನ ರೆಡ್‌ಕಾರ್‌ ಊರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ಹೊರಗೆ ಯಾರಿಗೂ ಗೊತ್ತಿಲ್ಲದ ಹುಡುಗನನ್ನು ಕರೆತಂದು ಮೈಕ್ ಕೊಟ್ಟರು, ಅವನೇ ಡೇವಿಡ್ ಕವರ್‌ಡೇಲ್. ಟ್ರಪೀಜ್ ಬ್ಯಾಂಡ್‌ನಿಂದ ಗ್ಲೆನ್ ಹ್ಯೂಸ್, ಬಾಸ್ ಬಾರಿಸುತ್ತಾನೆ, ಹಾಡುವುದೂ ಕವರ್‌ಡೇಲ್‌ಗಿಂತ ಒಂದು ಕೈ ಮೇಲೆ. ಒಂದೇ ಬ್ಯಾಂಡ್‌ನಲ್ಲಿ ಎರಡು ಗಂಟಲು, ಒಂದು ದಪ್ಪ, ಒಂದು ಚೂಪು. 'ಬರ್ನ್' ಹಾಡಿನ ಮಧ್ಯೆ ಗಿಟಾರ್ ಸೋಲೊ ಮುಗಿದು ಲಾರ್ಡ್ ಆರ್ಗನ್ ಶುರು ಮಾಡುವ ಜಾಗದಲ್ಲಿ ಬಾಖ್ ಬಂದು ಕೂತ ಹಾಗಿದೆ. ಆಮೇಲೆ 'ಮಿಸ್‌ಟ್ರೀಟೆಡ್'. ಬ್ಲ್ಯಾಕ್‌ಮೋರ್ ಅಷ್ಟು ಕಡಿಮೆ ಸ್ವರದಲ್ಲಿ ಅಷ್ಟು ಹೇಳಿದ್ದು ಇನ್ನೆಲ್ಲೂ ಇಲ್ಲ.

ಕಳಪೆ: 'ಹೂ ಡೂ ವಿ ಥಿಂಕ್ ವಿ ಆರ್', 1973. 'ವುಮನ್ ಫ್ರಮ್ ಟೋಕಿಯೋ' ಬಿಟ್ಟರೆ ಉಳಿದ ಆರರಲ್ಲಿ ಒಂದು ಹಾಡಿನ ಹೆಸರು ಹೇಳಿ, ನೆಟ್ ನೋಡದೆ.

ಹ್ಯಾಮಂಡ್_ಹುಚ್ಚು:
ರಾಟ್ ಬ್ಯಾಟ್ ಬ್ಲೂ. ಮೇರಿ ಲಾಂಗ್. ಸ್ಮೂತ್ ಡ್ಯಾನ್ಸರ್. ಅವರ್ ಲೇಡಿ. ಸಾಕಾ ಅಥವಾ ಇನ್ನೂ ಬೇಕಾ?

ಅದು ಸೋತ ಆಲ್ಬಮ್ ಅಲ್ಲ ಬಾಸ್, ದಣಿದ ಆಲ್ಬಮ್. ಎರಡಕ್ಕೂ ವ್ಯತ್ಯಾಸ ಇದೆ. ವರ್ಷಗಟ್ಟಲೆ ಬಿಡುವಿಲ್ಲದೆ ಟೂರ್, ಕಾಯಿಲೆ, ಗಿಲನ್ ಮತ್ತು ಬ್ಲ್ಯಾಕ್‌ಮೋರ್ ನಡುವೆ ಮಾತಿಲ್ಲ. 'ಸ್ಮೂತ್ ಡ್ಯಾನ್ಸರ್' ಬ್ಲ್ಯಾಕ್‌ಮೋರ್‌ಗೇ ಬೈದು ಬರೆದದ್ದು, ಅವನೇ ಅದಕ್ಕೆ ಗಿಟಾರ್ ಬಾರಿಸಿದ್ದಾನೆ! ಮ್ಯಾನೇಜರ್ ಆದವನು ಎಲ್ಲರಿಗೂ ಆರು ತಿಂಗಳು ರಜೆ ಕೊಟ್ಟು ಮನೆಗೆ ಕಳಿಸಿದ್ದರೆ ಬ್ಯಾಂಡ್ ಉಳಿಯುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಮೆಷಿನ್_ಮನುಷ್ಯ:
ಗಿಲನ್ ಇಲ್ಲದ ಪರ್ಪಲ್ ಪರ್ಪಲ್ ಅಲ್ಲ. 'ಬರ್ನ್' ಚೆನ್ನಾಗಿದೆ, ಒಪ್ಪಿದೆ, ಆದರೆ ಅದು ಬೇರೆ ಬ್ಯಾಂಡ್.

ಬಾಸ್_ತಂತಿ:
ಹಾಗಾದರೆ 'ಹಷ್' ಯಾರದ್ದು? ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೆ ಹೋದ ಅವರ ಮೊದಲ ಹಿಟ್, ಹಾಡಿದ್ದು ರಾಡ್ ಇವಾನ್ಸ್. ಗಿಲನ್ ಬಂದದ್ದು ಮೂರು ಆಲ್ಬಮ್ ಆದ ಮೇಲೆ. ಅಂದರೆ ನಿಮ್ಮ ಲೆಕ್ಕದಲ್ಲಿ ಪರ್ಪಲ್ ಹುಟ್ಟುವ ಮೊದಲೇ ಪರ್ಪಲ್‌ಗೆ ಹಿಟ್ ಇತ್ತು.

ಮ್ಯೂನಿಕ್‌ನಿಂದ:
ತಡವಾಗಿ ಬಂದೆ. ನಾನಿರುವ ಊರಿಗೂ ಈ ಚರ್ಚೆಗೂ ನಂಟಿದೆ. 'ಸ್ಟಾರ್ಮ್‌ಬ್ರಿಂಗರ್' ಮತ್ತು 'ಕಮ್ ಟೇಸ್ಟ್ ದ ಬ್ಯಾಂಡ್' ಎರಡೂ ಇಲ್ಲಿನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ ಆದವು. ಅರಬೆಲ್ಲಾ ಹೌಸ್ ಅಂತ ಒಂದು ಗೋಡೆಯಂಥ ಉದ್ದ ಕಟ್ಟಡ, ಅದರ ನೆಲಮಾಳಿಗೆಯಲ್ಲಿತ್ತು. ಈಗ ಸ್ಟುಡಿಯೋ ಇಲ್ಲ. ಕಟ್ಟಡದ ಮುಂದೆ ಹೋಗಿ ಫೋಟೋ ತೆಗೆಯುವ ನನ್ನಂಥವರನ್ನು ನೋಡಿ ಅಲ್ಲಿ ಕೆಲಸ ಮಾಡುವವರಿಗೆ ಏನನ್ನಿಸುತ್ತದೋ.

ನನ್ನ ಮತ ಯಾರೂ ಒಪ್ಪುವುದಿಲ್ಲ ಅಂತ ಗೊತ್ತು: 'ಕಮ್ ಟೇಸ್ಟ್ ದ ಬ್ಯಾಂಡ್', 1975. ಬ್ಲ್ಯಾಕ್‌ಮೋರ್ ಇಲ್ಲ, ಗಿಟಾರ್‌ಗೆ ಟಾಮಿ ಬೋಲಿನ್ ಇದ್ದಾನೆ. ಅವನು ಬಾರಿಸಿದ, ಜಾಜ್ ಡ್ರಮ್ಮರ್ ಬಿಲ್ಲಿ ಕಾಬಮ್‌ನ 'ಸ್ಪೆಕ್ಟ್ರಮ್' ಆಲ್ಬಮ್ ಕೇಳಿದವರಿಗೆ ಬೋಲಿನ್ ಯಾರು ಅಂತ ಹೇಳಬೇಕಿಲ್ಲ. ಈ ಆಲ್ಬಮ್ ಬೇರೆ ಹೆಸರಿನಲ್ಲಿ ಬಂದಿದ್ದರೆ ಇವತ್ತು ಎಲ್ಲರೂ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು. ಆ ಹೆಸರೇ ಅದಕ್ಕೆ ಹೊರೆ. ಕಾರ್ಯಕ್ರಮದಲ್ಲಿ ಜನ 'ಸ್ಮೋಕ್' ಬಾರಿಸು ಅನ್ನುತ್ತಿದ್ದರು, ಬ್ಲ್ಯಾಕ್‌ಮೋರ್ ಎಲ್ಲಿ ಅಂತ ಕೂಗುತ್ತಿದ್ದರು. ಡ್ರಗ್ಸ್ ಬೇರೆ. 1976ರ ಮಾರ್ಚ್‌ನಲ್ಲಿ ಬ್ಯಾಂಡ್ ಮುಗಿಯಿತು, ಅದೇ ಡಿಸೆಂಬರ್‌ನಲ್ಲಿ ಹುಡುಗ ಬೋಲಿನ್ ತೀರಿಕೊಂಡ, ಇಪ್ಪತ್ತೈದು ವರ್ಷ.

ಹಳೇ_ಕ್ಯಾಸೆಟ್:
ಒಳ್ಳೆಯ ಫಂಕ್ ಆಲ್ಬಮ್, ಒಪ್ಪುತ್ತೇನೆ. ಆದರೆ ಅದರಲ್ಲಿ ಲಾರ್ಡ್ ಎಲ್ಲಿ? ದುರ್ಬೀನು ಹಾಕಿ ಹುಡುಕಬೇಕು. ಪರ್ಪಲ್ ಅಂದರೆ ನನಗೆ ಗಾಯಕ ಯಾರು ಅನ್ನುವುದಲ್ಲ. ಗಿಟಾರ್ ಮತ್ತು ಆರ್ಗನ್ ಪರಸ್ಪರ ಕುತ್ತಿಗೆ ಹಿಡಿದಿರಬೇಕು. ಹ್ಯಾಮಂಡ್ ಆರ್ಗನ್ನನ್ನು ಲಾರ್ಡ್ ಮಾರ್ಷಲ್ ಆಂಪ್‌ಗೆ ಸಿಕ್ಕಿಸಿದ್ದೇ ಅದಕ್ಕೆ, ಗಿಟಾರ್‌ನಷ್ಟೇ ಒರಟು ದನಿ ಬರಲಿ ಅಂತ. 'ಸ್ಮೋಕ್'ನ ಆ ನಾಲ್ಕು ಸ್ವರದ ಮಾತು ಅಷ್ಟು ದಪ್ಪ ಕೇಳಿಸುವುದು ಗಿಟಾರ್ ಜೊತೆ ಆರ್ಗನ್ನೂ ಅದನ್ನೇ ಬಾರಿಸುವುದರಿಂದ. 'ಇನ್ ರಾಕ್' ಗಟ್ಟಿ ಅನ್ನುವುದಕ್ಕೆ ನನ್ನ ನಿಜವಾದ ಕಾರಣ ಇದು. 1969ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ ಬರೆದ ಕಾನ್ಸರ್ಟೋವನ್ನು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪೂರ್ತಿ ಆರ್ಕೆಸ್ಟ್ರಾ ಜೊತೆ ಬಾರಿಸಿದರು. ಪತ್ರಿಕೆಯವರು ಇವರನ್ನು ಆರ್ಕೆಸ್ಟ್ರಾ ಬ್ಯಾಂಡ್ ಅನ್ನತೊಡಗಿದರು. ಬ್ಲ್ಯಾಕ್‌ಮೋರ್‌ಗೆ ಉರಿಯಿತು, ಈಗ ನನ್ನ ಸರದಿ, ಜೋರಾಗಿ ಬಾರಿಸೋಣ ಅಂತ ಹಟ ಹಿಡಿದ. ಆ ಹಟ 'ಹಾರ್ಡ್ ಲವಿನ್ ಮ್ಯಾನ್'ನಲ್ಲಿ ಕೇಳಿಸುತ್ತದೆ, ಏಳು ನಿಮಿಷ ಇಬ್ಬರೂ ಬಿಟ್ಟುಕೊಡುವುದಿಲ್ಲ. 1987ರಲ್ಲಿ ಅದೇ ಜನ 'ಹಾರ್ಡ್ ಲವಿನ್ ವುಮನ್' ಅಂತ ಒಂದು ಹಾಡು ಮಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ನಾನು ಇನ್ನೇನೂ ವಾದ ಮಾಡುವುದಿಲ್ಲ. 'ಹೌಸ್ ಆಫ್ ಬ್ಲೂ ಲೈಟ್' ಅನ್ನುವ ಹೆಸರು ಸಹ 'ಇನ್ ರಾಕ್'ನ ಮೊದಲ ಹಾಡು 'ಸ್ಪೀಡ್ ಕಿಂಗ್'ನಲ್ಲಿ ಬರುವ ಮಾತು. ಹಳೆಯ ಬಂಗಾರದ ನೆನಪು ಮಾಡಿಕೊಟ್ಟು ತಗಡು ಕೈಗಿಟ್ಟರು.

ಕಛೇರಿ_ಕಿವಿ:
'ಇನ್ ರಾಕ್' ಮಾತು ಬಂತು ಅಂತ ಒಂದು ಸಣ್ಣ ವಿಷಯ. 'ಚೈಲ್ಡ್ ಇನ್ ಟೈಮ್'ನ ಆರ್ಗನ್ ಎಳೆ ಎಲ್ಲಿಂದ ಬಂತು ಗೊತ್ತಾ? ಇಟ್ಸ್ ಎ ಬ್ಯೂಟಿಫುಲ್ ಡೇ ಅನ್ನುವ ಸಾನ್ ಫ್ರಾನ್ಸಿಸ್ಕೋ ಬ್ಯಾಂಡ್‌ನ 'ಬಾಂಬೆ ಕಾಲಿಂಗ್' ಎಂಬ ಪಿಟೀಲು ತುಣುಕಿನಿಂದ. ಅದನ್ನು ನಿಧಾನ ಮಾಡಿದರು, ಅದರ ಮೇಲೆ ಗಿಲನ್ ಹಾಡಿದ. ಹೆಸರಲ್ಲಿ ಬಾಂಬೆ ಇದೆ ಅಂತ ಅದನ್ನು ನಮ್ಮದು ಅಂತ ಎಳೆದುಕೊಳ್ಳುವ ಅಗತ್ಯ ಇಲ್ಲ, ಬಾಂಬೆಯ ವಾಸನೆ ಕೂಡ ಅದರಲ್ಲಿಲ್ಲ.

ಹ್ಯಾಮಂಡ್_ಹುಚ್ಚು:
ಕದ್ದದ್ದು ಅಂತ ಮಾತ್ರ ಅನ್ನಬೇಡಿ ಅಕ್ಕಾ. ಆ ಬ್ಯಾಂಡ್‌ನವರೂ ಪರ್ಪಲ್‌ನ 'ರಿಂಗ್ ದಟ್ ನೆಕ್' ಎತ್ತಿಕೊಂಡು ತಮ್ಮ ಎರಡನೇ ಆಲ್ಬಮ್‌ನಲ್ಲಿ ಬೇರೆ ಹೆಸರಿಟ್ಟು ಹಾಕಿದರು. ಲೆಕ್ಕ ಚುಕ್ತಾ.

ಹೊಸ_ಕಿವಿ:
ನಾನು ಹೊಸಬ, ಇಂಜಿನಿಯರಿಂಗ್ ಎರಡನೇ ವರ್ಷ. ನಮ್ಮ ಕಾಲೇಜ್ ಫೆಸ್ಟ್‌ನಲ್ಲಿ ಪ್ರತಿ ಬ್ಯಾಂಡ್ 'ಸ್ಮೋಕ್' ಬಾರಿಸುತ್ತದೆ, ಹಾಗಾಗಿ ಪರ್ಪಲ್ ಅಂದರೆ ಅದೊಂದೇ ಅಂದುಕೊಂಡಿದ್ದೆ. ನಿಜ ಹೇಳಬೇಕಂದರೆ ಸ್ವಲ್ಪ ಬೋರ್ ಹಾಡು. ಬೈಯಬೇಡಿ.

ಬಾಸ್_ತಂತಿ:
ಬೈಯುವುದಿಲ್ಲ ತಮ್ಮಾ, ನಿನ್ನ ತಪ್ಪಲ್ಲ. ಫೆಸ್ಟ್‌ನಲ್ಲಿ ಬಾರಿಸುವವರಲ್ಲಿ ಮುಕ್ಕಾಲು ಜನ ಅದನ್ನು ಪಿಕ್ ಹಿಡಿದು ಪವರ್ ಕಾರ್ಡ್‌ನಲ್ಲಿ ಹೊಡೆಯುತ್ತಾರೆ. ಬ್ಲ್ಯಾಕ್‌ಮೋರ್ ಪಿಕ್ ಮುಟ್ಟುವುದಿಲ್ಲ, ಎರಡು ತಂತಿಯನ್ನು ಬೆರಳಲ್ಲಿ ಒಟ್ಟಿಗೆ ಮೀಟುತ್ತಾನೆ. ಆ ಎರಡು ಸ್ವರದ ಅಂತರವೇ ಬೇರೆ, ಅದರಿಂದ ಬರುವ ರುಚಿಯೂ ಬೇರೆ. ಇನ್ನು 'ಸ್ಮೋಕ್' ಬಿಟ್ಟು 'ಪಿಕ್ಚರ್ಸ್ ಆಫ್ ಹೋಮ್' ಹಾಕು. ಅದರಲ್ಲಿ ಗ್ಲೋವರ್‌ನ ಬಾಸ್ ಸೋಲೊ ಇದೆ.

ಮೆಷಿನ್_ಮನುಷ್ಯ:
ನೋಡಿ, ಕೊನೆಗೆ 'ಮೆಷಿನ್ ಹೆಡ್'ಗೇ ಬಂದಿರಿ.

ಬಾಸ್_ತಂತಿ:
ಹಾಡಿಗೆ ಬಂದೆ, ಆಲ್ಬಮ್‌ಗಲ್ಲ. ಅದೇ ರೆಕಾರ್ಡಿಂಗ್‌ನಲ್ಲಿ ಮಾಡಿದ 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಅನ್ನು ಆಲ್ಬಮ್‌ನಿಂದ ಬಿಟ್ಟು 'ನೆವರ್ ಬಿಫೋರ್' ಒಳಗಿಟ್ಟರಲ್ಲ, ಆ ತೀರ್ಮಾನಕ್ಕೆ ನನ್ನ ಕ್ಷಮೆ ಇಲ್ಲ. 'ನೆವರ್ ಬಿಫೋರ್' ಸಿಂಗಲ್‌ನ ಹಿಂಬದಿಗೆ ಅದನ್ನು ತುರುಕಿದರು. ಅದನ್ನು ಒಳಗೆ ಹಾಕಿ ಇದನ್ನು ಹಿಂಬದಿಗೆ ಹಾಕಿದ್ದರೆ ನಾನೂ ನಿಮ್ಮ ಕಡೆ ಬರುತ್ತಿದ್ದೆ.

ಮ್ಯೂನಿಕ್‌ನಿಂದ:
1984ರಲ್ಲಿ ಹಳಬರು ಮತ್ತೆ ಒಟ್ಟಾದ ನಂತರದ್ದನ್ನು ಯಾರೂ ಮುಟ್ಟುತ್ತಿಲ್ಲ, ಕಳಪೆ ಅಂತ ಬೈಯುವುದಕ್ಕೆ ಮಾತ್ರ ನೆನಪಾಗುತ್ತದೆ. 'ಪರ್ಫೆಕ್ಟ್ ಸ್ಟ್ರೇಂಜರ್ಸ್'?

ಹಳೇ_ಕ್ಯಾಸೆಟ್:
ಅರ್ಧ ಆಲ್ಬಮ್ ತುಂಬ ಚೆನ್ನಾಗಿದೆ, ಉಳಿದರ್ಧ ಸುಮ್ನೆ ಇದೆ. ಹೆಸರಿನ ಹಾಡಿನಲ್ಲಿ ಗಿಟಾರ್ ಸೋಲೊ ಇಲ್ಲವೇ ಇಲ್ಲ, ಹುಡುಕಿ ನೋಡಿ. ಬ್ಲ್ಯಾಕ್‌ಮೋರ್ ಅಷ್ಟು ಸಂಯಮ ತೋರಿಸಿದ್ದಾನೆ ಅಂದರೆ ಹನ್ನೊಂದು ವರ್ಷದ ಮುನಿಸು ಆಗಷ್ಟೇ ಕರಗಿತ್ತು ಅನಿಸುತ್ತದೆ. ಬಹಳ ದಿನ ಬಾಳಲಿಲ್ಲ, 1989ರಲ್ಲಿ ಗಿಲನ್‌ನ ಮತ್ತೆ ಹೊರಗೆ ಹಾಕಿದರು.

ಮೆಷಿನ್_ಮನುಷ್ಯ:
ಆಮೇಲೆ ಬಂತು ನಾನು ಹೇಳಿದ 'ಸ್ಲೇವ್ಸ್ ಆಂಡ್ ಮಾಸ್ಟರ್ಸ್', 1990. ಜೋ ಲಿನ್ ಟರ್ನರ್ ಹಾಡಿದ್ದು. ಅವನು, ಬ್ಲ್ಯಾಕ್‌ಮೋರ್, ಗ್ಲೋವರ್ ಮೂವರೂ ಮೊದಲು ಬ್ಲ್ಯಾಕ್‌ಮೋರ್ ಕಟ್ಟಿದ ರೇನ್‌ಬೋ ಬ್ಯಾಂಡ್‌ನಲ್ಲಿದ್ದವರು. ರೇನ್‌ಬೋ ಅಂಗಡಿಗೆ ಪರ್ಪಲ್ ಬೋರ್ಡ್ ತಗುಲಿಸಿದರು. 'ಲವ್ ಕಾಂಕರ್ಸ್ ಆಲ್' ಕೇಳಿ, ಮದುವೆ ಹಾಲ್‌ನಲ್ಲಿ ಊಟ ಬಡಿಸುವಾಗ ಹಾಕಬಹುದು, ಯಾರಿಗೂ ತೊಂದರೆ ಆಗುವುದಿಲ್ಲ. ಪರ್ಪಲ್ ಕೇಳಿ ಯಾರಿಗೂ ತೊಂದರೆ ಆಗದಿದ್ದರೆ ಅದು ಪರ್ಪಲ್ಲಾ?

ಹ್ಯಾಮಂಡ್_ಹುಚ್ಚು:
😂 ಇದೊಂದಕ್ಕೆ ನಿಮ್ಮ ಜೊತೆ ನಿಲ್ಲುತ್ತೇನೆ.

ಪರದೆ_ಹಿಂದೆ:
ಓದುತ್ತ ಮಾತ್ರ ಇರುತ್ತೇನೆ, ಇವತ್ತು ಬರೆಯಲೇಬೇಕು. ಯಾರೋ ಒಬ್ಬರು 'ಬನಾನಾಸ್' ಹೆಸರು ಎತ್ತೇ ಎತ್ತುತ್ತಾರೆ ಅಂತ ಕಾಯುತ್ತಿದ್ದೆ. 2003ರ ಆಲ್ಬಮ್, ಲಾರ್ಡ್ ಬ್ಯಾಂಡ್ ಬಿಟ್ಟು, ಕೀಬೋರ್ಡ್‌ಗೆ ಡಾನ್ ಏರಿ ಅನ್ನುವವನು ಬಂದ ಮೇಲೆ ಮೊದಲನೆಯದು. ಹೆಸರು ಬಾಳೆಹಣ್ಣು, ಮುಖಪುಟದಲ್ಲೂ ಬಾಳೆಹಣ್ಣು, ಅದಕ್ಕೆ ಜನ ಕೇಳದೆಯೇ ನಗುತ್ತಾರೆ. ಅದರ ಕೊನೆಯಲ್ಲಿ ಒಂದೂವರೆ ನಿಮಿಷದ ಗಿಟಾರ್ ತುಣುಕಿದೆ, 'ಕಾಂಟ್ಯಾಕ್ಟ್ ಲಾಸ್ಟ್'. ಸ್ಟೀವ್ ಮೋರ್ಸ್ ಅದನ್ನು ಬರೆದದ್ದು ಕೊಲಂಬಿಯಾ ನೌಕೆಯಲ್ಲಿ ತೀರಿಕೊಂಡವರ ನೆನಪಿಗೆ. ಅದರಲ್ಲಿದ್ದ ನಮ್ಮ ಕಲ್ಪನಾ ಚಾವ್ಲಾ ಪರ್ಪಲ್ ಅಭಿಮಾನಿ. ಆಕಾಶಕ್ಕೆ ಹೋಗುವಾಗ 'ಮೆಷಿನ್ ಹೆಡ್' ಮತ್ತು 'ಪರ್ಪೆಂಡಿಕ್ಯುಲರ್' ಸಿಡಿ ಒಯ್ದಿದ್ದರು. ನಾನು ಆ ಆಲ್ಬಮ್‌ನ್ನು ಗಟ್ಟಿ ಅನ್ನುತ್ತಿಲ್ಲ, ಮಧ್ಯದಲ್ಲಿ ಸಪ್ಪೆ ಹಾಡು ಸಾಕಷ್ಟಿವೆ. ಹೆಸರು ನೋಡಿ ಕಳಪೆ ಪಟ್ಟಿಗೆ ಸೇರಿಸಬೇಡಿ ಅಂತ ಮಾತ್ರ.

ಧಾರವಾಡ_ಡಬಲ್‌ಬಾಸ್:
ಛಲೋ ಹೇಳಿದಿರಿ. ಅವರ ಆಯ್ಕೆಯಲ್ಲಿ 'ಪರ್ಪೆಂಡಿಕ್ಯುಲರ್' ಇತ್ತು ಅನ್ನುವುದನ್ನು ಗಮನಿಸಿ. 1996ರದ್ದು. ಮೋರ್ಸ್ ಬಂದ ಮೇಲೆ ಮೊದಲ ಆಲ್ಬಮ್. ಬ್ಲ್ಯಾಕ್‌ಮೋರ್ 1993ರಲ್ಲಿ ಟೂರ್ ಮಧ್ಯೆಯೇ ಕೈಕೊಟ್ಟು ಹೋದ, ಜಪಾನ್ ಕಾರ್ಯಕ್ರಮಕ್ಕೆ ಜೋ ಸಾಟ್ರಿಯಾನಿ ಬಂದು ಮಾನ ಉಳಿಸಿದ. ಆಮೇಲೆ ಬಂದ ಮೋರ್ಸ್ ಯಾರ ನಕಲೂ ಮಾಡಲಿಲ್ಲ. 'ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್' ಕೇಳಿ, ಬ್ಯಾಂಡ್‌ನವರು ಮೈ ಬಿಟ್ಟು ನಗುತ್ತ ಬಾರಿಸಿದ ಹಾಗಿದೆ. 2001ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗಲೂ ಮೋರ್ಸ್‌ನೇ ಇದ್ದ. ಬಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಹೋಗಿದ್ದೆವು. ಹೋಗುವಾಗ ನಮ್ಮ ಗೆಳೆಯ ಒಬ್ಬ 'ಬ್ಲ್ಯಾಕ್‌ಮೋರ್ ಇಲ್ಲ, ಏನು ನೋಡೋದು' ಅಂತ ಗೊಣಗಿದ, ಬರುವಾಗ ಅವನ ಗಂಟಲೇ ಹೋಗಿತ್ತು.

ಹಳೇ_ಕ್ಯಾಸೆಟ್:
'ಪರ್ಪೆಂಡಿಕ್ಯುಲರ್'ಗೆ ನನ್ನ ಬಟನ್ ಅಳತೆಯಲ್ಲಿ ಎರಡು ಕಡೆ ಕೈ ಹೋಗುತ್ತದೆ. 'ಬರ್ನ್'ಗೆ ಒಂದೇ ಕಡೆ, ಕೊನೆಯ 'ಎ 200', ಅದು ಯಾಕೆ ಇದೆಯೋ. 'ಮೆಷಿನ್ ಹೆಡ್'ಗೂ ಒಂದೇ, 'ನೆವರ್ ಬಿಫೋರ್'. 'ಇನ್ ರಾಕ್'ಗೆ ಸೊನ್ನೆ.

ಬಾಸ್_ತಂತಿ:
'ಲಿವಿಂಗ್ ರೆಕ್'? ಅದಕ್ಕೂ ಕೈ ಹೋಗುವುದಿಲ್ಲ ಅನ್ನುತ್ತೀರಾ? ಸತ್ಯ ಹೇಳಿ ಸಾರ್.

ಹಳೇ_ಕ್ಯಾಸೆಟ್:
ಅದರ ಆರ್ಗನ್ ಕೇಳಿ ಸ್ವಾಮಿ, ಆರ್ಗನ್.

ಹೊಸ_ಕಿವಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು 'ಮೇಡ್ ಇನ್ ಜಪಾನ್' ಪೂರ್ತಿ ಕೇಳಿದೆ. 'ಚೈಲ್ಡ್ ಇನ್ ಟೈಮ್' ಮಧ್ಯೆ ಆ ಕೂಗು ಬಂದಾಗ ರೂಮ್‌ಮೇಟ್‌ಗೂ ಕೇಳಿಸಿತಂತೆ, ಹೆಡ್‌ಫೋನ್ ಹೊರಗಿನಿಂದ. ಮುಂದೆ ಯಾವುದು, 'ಇನ್ ರಾಕ್'ನಾ 'ಬರ್ನ್'ನಾ?

ಮೆಷಿನ್_ಮನುಷ್ಯ:
ಮೆಷಿನ್ ಹೆಡ್.

ಬಾಸ್_ತಂತಿ:
ಬರ್ನ್.

ಹ್ಯಾಮಂಡ್_ಹುಚ್ಚು:
'ಇನ್ ರಾಕ್'. ಇಂಥ ವಿಷಯದಲ್ಲಿ ಕ್ಯಾಸೆಟ್ ಸಾರ್ ಮಾತು ಕೇಳು. ಲೈವ್ ವಿಷಯದಲ್ಲಿ ಮಾತ್ರ ಕೇಳಬೇಡ.